ನಾಲ್ಕನೇ ಕ್ಲಾಸಿನ ಮಗನಿಗೆ ಯಾವ ಶಾಲೆ?

ಪ್ರಶ್ನೆ: ನಮ್ಮದು ಮಲ್ಪೆ. ಮನೆಯವರು ಬೋಟಿಗೆ ಹೋಗುತ್ತಾರೆ. ಮಗನಿಗೆ ಒಂಬತ್ತು ವರ್ಷ, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ. ಓದಲು ಕೊಟ್ಟರೆ ತಡವರಿಸುತ್ತಾನೆ, ಬರೆದರೆ ಬರೀ ತಪ್ಪು. ‘ಇವನಿಗೆ ಎಲ್‌ಡಿ (ಲರ್ನಿಂಗ್ ಡಿಸೆಬಿಲಿಟಿ, ಅಂದರೆ ಕಲಿಕಾ ನ್ಯೂನತೆ) ಇದೆ, ನಮ್ಮಲ್ಲಿ ಆಗುವುದಿಲ್ಲ, ಟಿಸಿ ತೆಗೆದುಕೊಂಡು ಸ್ಪೆಷಲ್ ಸ್ಕೂಲಿಗೆ ಹಾಕಿ’ ಎಂದು ಶಾಲೆಯವರು ಒತ್ತಾಯ ಮಾಡುತ್ತಿದ್ದಾರೆ. ಫೀಸೂ ಸ್ವಲ್ಪ ಬಾಕಿ ಇದೆ. ಉಡುಪಿಯಲ್ಲೋ ಮಂಗಳೂರಲ್ಲೋ ಇಂಥ ಮಕ್ಕಳಿಗೆ ಪುಕ್ಕಟೆ ಶಾಲೆ ಇದೆಯೇ? ಹಾಸ್ಟೆಲ್ ಆದರೂ ಅಡ್ಡಿಯಿಲ್ಲ. ಅವನ ಕನ್ನಡ ನೋಟ್‌ಪುಸ್ತಕದ ಎರಡು ಪುಟಗಳ ಫೋಟೋ ಕಳಿಸಿದ್ದೇನೆ.
– ಒಬ್ಬ ತಾಯಿ, ಮಲ್ಪೆ

ಉತ್ತರ: ಮೊದಲು ಆ ಎರಡು ಪುಟಗಳ ಬಗ್ಗೆ ಹೇಳುತ್ತೇನೆ. ಒಂದು, ಬೋರ್ಡು ನೋಡಿ ಬರೆದದ್ದು. ಇನ್ನೊಂದು, ಟೀಚರ್ ಹೇಳಿ ಬರೆಸಿದ್ದು. ನೋಡಿ ಬರೆದ ಪುಟದಲ್ಲಿ ಅಕ್ಷರ ಗುಂಡಗಿದೆ, ಸಾಲು ಎಲ್ಲೂ ಜಾರಿಲ್ಲ, ತಪ್ಪು ಎರಡೋ ಮೂರೋ. ಉಕ್ತಲೇಖನದ ಪುಟ ಇನ್ನೊಬ್ಬ ಹುಡುಗನದ್ದೇನೋ ಎನ್ನುವಂತಿದೆ. ‘ಹಕ್ಕಿ’ ಹೋಗಿ ‘ಹಕಿ’, ‘ಕಪ್ಪೆ’ ಹೋಗಿ ‘ಕಪೆ’, ‘ತೋಟ’ ಹೋಗಿ ‘ತೊಟ’. ಹತ್ತು ಪದಗಳಲ್ಲಿ ಎಂಟಕ್ಕೆ ಕೆಂಪು ಗೆರೆ, ಕೆಳಗೆ ‘ಕೇರ್‌ಲೆಸ್’ ಎಂಬ ಷರಾ. ಅಜಾಗರೂಕತೆಯಿಂದ ಬರೆಯುವ ಹುಡುಗ ಎರಡು ಪುಟದಲ್ಲೂ ಅಜಾಗರೂಕನಾಗಿಯೇ ಇರುತ್ತಿದ್ದ. ನಿಮ್ಮ ಮಗನಿಗೆ ಕಣ್ಣಿನಿಂದ ಕೈಗೆ ಬರುವ ಅಕ್ಷರ ಕಿವಿಯಿಂದ ಕೈಗೆ ಬರುತ್ತಿಲ್ಲ. ಒತ್ತಕ್ಷರ, ದೀರ್ಘ ಎಲ್ಲ ಮಕ್ಕಳಿಗೂ ತಡವಾಗಿಯೇ ಗಟ್ಟಿಯಾಗುತ್ತವೆ, ಎರಡು ಮೂರನೇ ಕ್ಲಾಸಿನಲ್ಲಿ ಹೀಗಾದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಮೇಲೂ ಹತ್ತಕ್ಕೆ ಎಂಟು ತಪ್ಪುತ್ತವೆ ಎಂದರೆ ಪರೀಕ್ಷೆ ಮಾಡಿಸಲೇಬೇಕು. ಫೋಟೋ ನೋಡಿ ಇದಕ್ಕಿಂತ ಹೆಚ್ಚು ಹೇಳುವುದು ತಪ್ಪಾಗುತ್ತದೆ. ಶಾಲೆಯವರೂ ಪರೀಕ್ಷೆಯಿಲ್ಲದೆ ‘ಎಲ್‌ಡಿ’ ಎಂಬ ಎರಡಕ್ಷರ ಅಂಟಿಸಬಾರದಿತ್ತು.

ಇನ್ನು ನೀವು ಕೇಳಿದ ಪುಕ್ಕಟೆ ಶಾಲೆ. ಕಲಿಕಾ ನ್ಯೂನತೆಯ ಮಕ್ಕಳಿಗೆಂದೇ ಇರುವ ಶಾಲೆ ಎಂದು ಹುಡುಕಿಕೊಂಡು ಅಲೆಯಬೇಡಿ. ನಮ್ಮಲ್ಲಿ ‘ಸ್ಪೆಷಲ್ ಸ್ಕೂಲ್’ ಎಂದರೆ ಸಾಮಾನ್ಯವಾಗಿ ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳ ಶಾಲೆ. ಮಂಗಳೂರಿನ ಬೆಂದೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ, ನಿಮ್ಮ ಕಡೆ ಪಾಂಬೂರಿನ ಮಾನಸ, ಇವೆಲ್ಲ ಒಳ್ಳೆಯ ಕೆಲಸ ಮಾಡುತ್ತಿರುವ ಸಂಸ್ಥೆಗಳು. ಹಲ್ಲುಜ್ಜುವುದು, ಬಟ್ಟೆ ಹಾಕಿಕೊಳ್ಳುವುದು, ಹಣ ಎಣಿಸುವುದು, ಒಂದು ಕೈಕೆಲಸ ಕಲಿಯುವುದು, ಇದನ್ನೆಲ್ಲ ತಾಳ್ಮೆಯಿಂದ ಕಲಿಸಬೇಕಾದ ಮಕ್ಕಳಿಗೆ ಅವು ಬೇಕು. ಬಾಯಲ್ಲಿ ಕೇಳಿದರೆ ಪಾಠವೆಲ್ಲ ಹೇಳುವ ಹುಡುಗನನ್ನು ಅಲ್ಲಿ ಕೂರಿಸಿದರೆ ಅವನ ನಾಲ್ಕನೇ ಕ್ಲಾಸು ಅಲ್ಲಿಗೇ ನಿಂತುಹೋಗುತ್ತದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನನ್ನು ವಿಶೇಷ ಶಾಲೆಗೆ ಕಳಿಸಿ ಎಂದು ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು. ಕರೆದರೆ ತಿರುಗುತ್ತಿರಲಿಲ್ಲ, ಓದುತ್ತಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಯಾರೋ ಕಿವಿ ನೋಡಿದರು. ಎರಡೂ ಕಿವಿ ಪ್ರತಿ ಮಳೆಗಾಲ ಸೋರಿ ಸೋರಿ ಕೇಳುವುದು ಅರ್ಧಕ್ಕಿಳಿದಿತ್ತು. ಚಿಕಿತ್ಸೆಯಾಯಿತು, ಶಾಲೆಗೆ ವಾಪಸೂ ಬಂದ, ಆದರೆ ಆ ಎರಡು ವರ್ಷವನ್ನು ಯಾರೂ ಅವನಿಗೆ ಹಿಂದಿರುಗಿಸಲಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ ಯಾವಾಗಲೂ ಒಂದೇ: ಬುದ್ಧಿ ಅಳೆಯುವ ಮೊದಲು ಕಣ್ಣು, ಕಿವಿ ನೋಡಿಸಿ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗ, ಕಿವಿ-ಮೂಗು-ಗಂಟಲು ವಿಭಾಗ ಎರಡಕ್ಕೂ ಚೀಟಿ ಮಾಡಿಸಿ.

ಕಣ್ಣು, ಕಿವಿ ಸರಿ ಇದ್ದರೆ ಆಮೇಲಿನದು ಮನಃಶಾಸ್ತ್ರಜ್ಞರ ಕೆಲಸ. ಮೊದಲು ಬುದ್ಧಿಮಟ್ಟ ನೋಡುತ್ತಾರೆ, ಆಮೇಲೆ ‘ನಿಮ್ಹಾನ್ಸ್ ಬ್ಯಾಟರಿ’ ಎಂದು ಕರೆಯುವ ಪರೀಕ್ಷೆ: ಓದಿಸುವುದು, ಹೇಳಿ ಬರೆಸುವುದು, ಲೆಕ್ಕ, ಗಮನ, ನೆನಪು, ಚಿತ್ರ ನೋಡಿ ಬಿಡಿಸುವುದು. ಅರ್ಧ ದಿನ ಹಿಡಿಯಬಹುದು, ಎರಡು ಸಲ ಕರೆಯಲೂಬಹುದು. ಹಸಿದುಕೊಂಡು ಹೋದ ಮಗು ಸರಿಯಾಗಿ ಉತ್ತರಿಸುವುದಿಲ್ಲ, ತಿಂಡಿ ಕಟ್ಟಿಕೊಂಡು ಹೋಗಿ. ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲೂ ಇದನ್ನು ಚೆನ್ನಾಗಿ ಮಾಡುತ್ತಾರೆ, ಆದರೆ ಹಣ ಕೊಡಬೇಕು. ಪುಕ್ಕಟೆ ಬೇಕೆಂದರೆ ಜಿಲ್ಲಾ ಆಸ್ಪತ್ರೆಯಿಂದಲೇ ಶುರು ಮಾಡಿ. ಮಂಗಳೂರು ಕಡೆಯವರಾದರೆ ವೆನ್ಲಾಕ್.

ಇಲ್ಲೊಂದು ಮಾತನ್ನು ನೀವೇ ಬಾಯಿಬಿಟ್ಟು ಹೇಳಬೇಕು. ನಿಮ್ಮ ಮನೆಯ ಮಾತು ತುಳು ಇರಬೇಕು ಎಂದುಕೊಂಡಿದ್ದೇನೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಮಗುವಿಗೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಸಿಗುವುದು ಇಂಗ್ಲಿಷ್ ಬರುವುದಿಲ್ಲ ಎಂಬ ಉತ್ತರ, ಅದು ನ್ಯೂನತೆ ಅಲ್ಲ. ‘ಕನ್ನಡದಲ್ಲೂ ಓದಿಸಿ ನೋಡಿ, ಸೂಚನೆಯನ್ನು ತುಳುವಿನಲ್ಲಿ ಹೇಳಿ’ ಎಂದು ಕೇಳಿ. ಕರಾವಳಿಯ ಆಸ್ಪತ್ರೆಗಳಲ್ಲಿ ತುಳು ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬ್ಯಾರಿ, ಕೊಂಕಣಿ ಮನೆಯ ಮಕ್ಕಳಿಗೂ ಇದೇ ಮಾತು. ಎರಡೂ ಭಾಷೆಯಲ್ಲಿ ಓದು ಕೈಕೊಟ್ಟರೆ ಆಗ ನಿಜವಾದ ತೊಡಕು.

ಪರೀಕ್ಷೆಯಲ್ಲಿ ಖಚಿತವಾದರೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ. ಈ ಮಾತು ಕೇಳಿದ ಕೂಡಲೇ ತಾಯಂದಿರ ಮುಖ ಸಪ್ಪಗಾಗುತ್ತದೆ, ಗೊತ್ತು. ‘ಕೈಕಾಲು ಗಟ್ಟಿ ಇರುವ ಹುಡುಗನಿಗೆ ಅಂಗವಿಕಲ ಅಂತ ಬರೆಸುವುದಾ ಮೇಡಂ?’ ಎಂದು ಎಷ್ಟು ಜನ ಕೇಳಿಲ್ಲ. ಇದು ಕಾನೂನಿನ ಭಾಷೆ, ಊರ ಭಾಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಅದರಲ್ಲಿ ಒಂದು. ಡಿಸ್ಲೆಕ್ಸಿಯಾ (ಓದಿನ ತೊಡಕು), ಡಿಸ್‌ಗ್ರಾಫಿಯಾ (ಬರಹದ ತೊಡಕು), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಎಂದು ವೈದ್ಯರು ಹೇಳುವುದೆಲ್ಲ ಇದರೊಳಗೇ ಬರುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಪುಕ್ಕಟೆ ಶಿಕ್ಷಣದ ಹಕ್ಕು ಅದೇ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿದೆ. ಉಳಿದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಈ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ, ಇವರಿಗೆ ನಾಲ್ಕು ವರ್ಷ ಹೆಚ್ಚು. ಈ ಚೀಟಿಯ ಕಿಮ್ಮತ್ತು ಮುಂದೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಎಂಟು ವರ್ಷ ತುಂಬುವ ಮೊದಲು ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದಿಲ್ಲ. ನಿಮ್ಮ ಮಗನಿಗೆ ಒಂಬತ್ತು, ಸರಿಯಾದ ವಯಸ್ಸು. ಅರ್ಜಿ ‘ಸ್ವಾವಲಂಬನ್’ ಪೋರ್ಟಲ್‌ನಲ್ಲಿ, ಇದೇ ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಅರ್ಜಿ. ಆಧಾರ್, ಫೋಟೋ ಸಾಕು, ಅರ್ಜಿಗೆ ಶುಲ್ಕ ಇಲ್ಲ, ಸೈಬರ್ ಸೆಂಟರಿನವರು ತಮ್ಮ ಕೆಲಸಕ್ಕೆ ತೆಗೆದುಕೊಳ್ಳುವುದು ಬೇರೆ. ಅದೂ ಬೇಡವೆಂದರೆ ನಗರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಎಂಬವರಿದ್ದಾರೆ, ಪಂಚಾಯತ್‌ಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ವಿಕಲಚೇತನರಿಗೆ ಅರ್ಜಿ ಹಾಕಿಸುವುದು ಅವರ ಕೆಲಸವೇ. ಮಲ್ಪೆ ನಗರಸಭೆಯ ವ್ಯಾಪ್ತಿಯಲ್ಲೇ ಇರುವುದರಿಂದ ಅಲ್ಲಿ ವಿಚಾರಿಸಿ. ‘ನಿರಾಮಯ’ ವಿಮೆಯ ಬಗ್ಗೆ ಯಾರಾದರೂ ಹೇಳಿದರೆ ಆಸೆ ಇಟ್ಟುಕೊಳ್ಳಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ವೈಕಲ್ಯ ಇರುವವರಿಗೆ ಮಾತ್ರ.

ಈ ಓಡಾಟಕ್ಕೆಲ್ಲ ಯಾವ ತಿಂಗಳು ಒಳ್ಳೆಯದು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಜೂನ್, ಜುಲೈನಲ್ಲಿ ಬೋಟು ದಡದಲ್ಲಿ ಇರುತ್ತದೆ, ಮನೆಯವರು ಮನೆಯಲ್ಲಿ. ಕೈಯಲ್ಲಿ ಕಾಸಿಲ್ಲದ ಕಾಲವೂ ಹೌದು, ಶಾಲೆಯವರು ಫೀಸು ಕೇಳುವ ಕಾಲವೂ ಅದೇ. ಆಸ್ಪತ್ರೆಯ ಸರತಿಯಲ್ಲಿ ನಿಲ್ಲಲು ಎರಡನೇ ಮನುಷ್ಯ ಸಿಗುವುದು ಆಗ ಮಾತ್ರ. ಆದರೆ ಕಣ್ಣು, ಕಿವಿ ಪರೀಕ್ಷೆಗೆ ಅಲ್ಲಿಯವರೆಗೆ ಕಾಯಬೇಡಿ.

ಈಗ ಶಾಲೆ. ಖಾಸಗಿ ಶಾಲೆಯ 25 ಶೇಕಡಾ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ) ಸೀಟನ್ನು ಮರೆತುಬಿಡಿ. ಅದು ಎಲ್‌ಕೆಜಿಗೋ ಒಂದನೇ ಕ್ಲಾಸಿಗೋ ಸೇರುವಾಗಿನದ್ದು, ಅದರ ಮೇಲೆ 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟೇ ಇಲ್ಲ. ಉಡುಪಿಯಲ್ಲಿ ಕಲ್ಲು ಹೊಡೆದರೆ ಯಾವುದಾದರೊಂದು ಶಾಲೆಯ ಹಂಚಿಗೆ ಬೀಳುತ್ತದೆ.

ನನ್ನ ಸಲಹೆ ಸರ್ಕಾರಿ ಶಾಲೆ, ಇಲ್ಲವೇ ಹಳೆಯ ಅನುದಾನಿತ ಶಾಲೆ. ಊರ ಹಿರಿಯರ ಬಾಯಲ್ಲಿ ಈಗಲೂ ‘ಬೋರ್ಡು ಶಾಲೆ’ ಎಂದೇ ಇರುವ ಆ ಶಾಲೆ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ, ಹಾಲು ಸರ್ಕಾರಿ ಶಾಲೆಯಲ್ಲಿ ಉಂಟು. ನಮ್ಮ ಜಿಲ್ಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘದವರು ದುಡ್ಡು ಹಾಕಿ ವ್ಯಾನು ಓಡಿಸುವ ಸರ್ಕಾರಿ ಶಾಲೆಗಳೂ ಇವೆ. ಅನುದಾನಿತ ಶಾಲೆಯಲ್ಲಾದರೆ ಗೌರವ ಶಿಕ್ಷಕಿಯರ ಸಂಬಳಕ್ಕೆಂದು ಏನಾದರೂ ಕೇಳುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲ ಸರ್ಕಾರಿ ಶಾಲೆಯೂ ನಿಮ್ಮ ಮಗನಿಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸು ನೋಡಬೇಡಿ, ನಾಲ್ಕು-ಐದನೇ ಕ್ಲಾಸಿಗೆ ಪಾಠ ಮಾಡುವ ಟೀಚರನ್ನು ನೋಡಿ. ಮೂರನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ‘ನಲಿ-ಕಲಿ’. ಮಕ್ಕಳು ನೆಲದಲ್ಲಿ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತಾರೆ. ಹಿಂದೆ ಉಳಿದವನು ಹಿಂದೆ ಉಳಿದ ಎಂದು ಎದ್ದು ಕಾಣುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಉದ್ದುದ್ದ ಪಾಠ, ಪ್ರಶ್ನೋತ್ತರ. ಓದಿನ ತೊಡಕಿರುವ ಮಕ್ಕಳು ಮುಗ್ಗರಿಸುವುದು ಇಲ್ಲೇ. ಹಾಗಾಗಿ ನಲಿ-ಕಲಿಯಲ್ಲಿ ಪಳಗಿದ ಟೀಚರ್ ಯಾರಾದರೂ ಮೇಲಿನ ಕ್ಲಾಸಿಗೆ ಬಂದಿದ್ದರೆ ಅಂಥ ಶಾಲೆಗೆ ಕಣ್ಣು ಮುಚ್ಚಿ ಸೇರಿಸಿ. ಐದನೇ ಕ್ಲಾಸಿನ ಹುಡುಗನನ್ನು ಒಂದು ಗಂಟೆ ನಲಿ-ಕಲಿ ಕೋಣೆಯಲ್ಲಿ ಕೂರಿಸಿ ಅಕ್ಷರದ ಕಾರ್ಡು ಕೊಡಿಸುವ ಟೀಚರ್‌ಗಳನ್ನು ನಾನು ನೋಡಿದ್ದೇನೆ. ಆ ಹುಡುಗನಿಗೆ ನಾಚಿಕೆಯಾಗದಂತೆ ‘ಚಿಕ್ಕವರಿಗೆ ಸ್ವಲ್ಪ ಹೇಳಿಕೊಡು ಮಾರಾಯ’ ಎಂದು ಕಳಿಸುತ್ತಿದ್ದರು. ಅವನು ಹೇಳಿಕೊಡುತ್ತ ತಾನೂ ಕಲಿಯುತ್ತಿದ್ದ.

ಇಬ್ಬರೇ ಟೀಚರ್ ಏಳು ಕ್ಲಾಸು ನಡೆಸುವ ಶಾಲೆ ಬೇಡ. ಅವರಿಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ ಮುಗಿಸಿ ಪಾಠಕ್ಕೆ ಬರುವಷ್ಟರಲ್ಲಿ ಸಂಜೆಯ ಗಂಟೆ ಹೊಡೆದಿರುತ್ತದೆ. ಊರೆಲ್ಲ ಮುಗಿಬಿದ್ದು ಒಂದು ಕ್ಲಾಸಿನಲ್ಲಿ ಐವತ್ತು ಅರವತ್ತು ಮಕ್ಕಳಿರುವ ಹೆಸರಾಂತ ಸರ್ಕಾರಿ ಶಾಲೆಯೂ ಬೇಡ. ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಟೀಚರ್ ಎಂದು ಕಾಯ್ದೆ ಹೇಳುತ್ತದೆ, ಅದರ ಆಸುಪಾಸು ಇರುವ ಶಾಲೆ ಹುಡುಕಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಮುಖ್ಯೋಪಾಧ್ಯಾಯರಲ್ಲಿ ಕೇಳಿ: ‘ನಿಮ್ಮಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು ಮಂದಿ ಇದ್ದಾರೆ? ಬಿಐಇಆರ್‌ಟಿ ಕಡೆಯ ಸಲ ಬಂದದ್ದು ಯಾವಾಗ?’ ಮೊದಲ ಪ್ರಶ್ನೆಗೆ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಮುಂದಿನ ಶಾಲೆಗೆ ನಡೆಯಿರಿ. ಅಂಥ ಮಕ್ಕಳಿಲ್ಲದ ಶಾಲೆ ನಾನಂತೂ ನೋಡಿಲ್ಲ.

ಬಿಐಇಆರ್‌ಟಿ ಎಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರತಿ ಬ್ಲಾಕಿನಲ್ಲಿ ಇರುವ ಸಂಪನ್ಮೂಲ ಶಿಕ್ಷಕರು. ಉಡುಪಿ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಶಾಲೆ ಹುಡುಕುವ ಮೊದಲೇ ಅವರನ್ನು ಕಾಣುವುದು ಜಾಣತನ, ಯಾವ ಶಾಲೆಯಲ್ಲಿ ಯಾವ ಟೀಚರ್ ಹೇಗೆ ಎಂಬುದು ಅವರಿಗೆ ಅಂಗೈ ನೋಡಿದಷ್ಟು ಸಲೀಸು. ಬೆರಳೆಣಿಕೆಯ ಮಂದಿ ಇಡೀ ಬ್ಲಾಕು ಸುತ್ತಬೇಕು, ಹಾಗಾಗಿ ನಿಮ್ಮ ಮಗನಿಗೆ ದಿನಾ ಬಂದು ಪಾಠ ಮಾಡುತ್ತಾರೆ ಎಂದುಕೊಳ್ಳಬೇಡಿ. ತಿಂಗಳಿಗೊಮ್ಮೆ ಬಂದು ಕ್ಲಾಸ್ ಟೀಚರಿಗೆ ‘ಹೀಗೆ ಮಾಡಿ’ ಎಂದು ತೋರಿಸಿಕೊಟ್ಟರೂ ಅದು ದೊಡ್ಡ ಉಪಕಾರ. ಶಾಲೆ ನಿಮ್ಮ ಮಗನ ಹೆಸರನ್ನು ವಿಶೇಷ ಅಗತ್ಯದ ಮಕ್ಕಳ ಪಟ್ಟಿಗೆ ಸೇರಿಸಿದ್ದರೆ ಮಾತ್ರ ಅವರು ಬರುತ್ತಾರೆ, ಇದನ್ನು ಮರೆಯದೆ ಮಾಡಿಸಿ.

ಮಾಧ್ಯಮದ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಹಿಡಿಸದೇ ಇರಬಹುದು. ಕನ್ನಡ ಮಾಧ್ಯಮಕ್ಕೆ ಹಾಕಿ. ದ್ವಿಭಾಷಾ ವಿಭಾಗ ಇರುವ ಸರ್ಕಾರಿ ಶಾಲೆಗಳೂ ಈಗ ಇವೆ, ಆದರೂ ಓದಿನ ತೊಡಕಿರುವ ಮಗುವಿಗೆ ಮೊದಲು ಒಂದು ಲಿಪಿ ಗಟ್ಟಿಯಾಗಬೇಕು. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರಹ. ಇಂಗ್ಲಿಷಿನಲ್ಲಿ ‘ಬಟ್’ ಒಂದು ಥರ, ‘ಪುಟ್’ ಇನ್ನೊಂದು ಥರ. ಕಾಲು ಎಡವುವವನನ್ನು ಮೊದಲು ಸಮತಟ್ಟಿನಲ್ಲಿ ನಡೆಸೋಣ. ಅಕ್ಕಪಕ್ಕದವರು ‘ಇಂಗ್ಲಿಷ್ ಮೀಡಿಯಂನಿಂದ ತೆಗೆದರಂತೆ’ ಎಂದು ಆಡಿಕೊಳ್ಳುತ್ತಾರೆ, ಅದು ಆರು ತಿಂಗಳು. ಹಾಸ್ಟೆಲ್ ಮಾತ್ರ ಖಂಡಿತ ಬೇಡ. ಈ ಮಕ್ಕಳಿಗೆ ಮನೆಯ ಮಾತು ಶಾಲೆಯ ಪಾಠದಷ್ಟೇ ಬೇಕು.

ಟಿಸಿ ವಿಷಯಕ್ಕೆ ಬರುತ್ತೇನೆ. ಈಗಿನ ಶಾಲೆಯವರಿಗೆ ಅವನನ್ನು ಹೊರಹಾಕುವ ಅಧಿಕಾರ ಇಲ್ಲ. ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಹೋಗುವುದಾದರೆ ನಿಮ್ಮ ಇಷ್ಟದಿಂದ ಹೋಗಿ, ಅವರು ಬರೆದು ತಂದ ಅರ್ಜಿಗೆ ಸಹಿ ಹಾಕಬೇಡಿ. ‘ಕಲಿಕೆಯಲ್ಲಿ ಹಿಂದುಳಿದ ಕಾರಣ’ ಎಂಬ ಸಾಲು ಅದರಲ್ಲಿ ಇರುವುದುಂಟು. ಇನ್ನೊಂದು, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಟಿಸಿಯನ್ನು ಕೂಡಲೇ ಕೊಡಬೇಕು, ಟಿಸಿ ಬರುವುದು ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿಲ್ಲಿಸುವಂತಿಲ್ಲ. ಇದು 5ನೇ ಸೆಕ್ಷನ್. ಬಾಕಿ ಫೀಸಿಗೆ ಟಿಸಿ ತಡೆಹಿಡಿದರೆ ಮಗನನ್ನು ಹೊಸ ಶಾಲೆಗೆ ಕಳಿಸಲು ಶುರು ಮಾಡಿ, ಬಾಕಿಯನ್ನು ಕಂತಿನಲ್ಲಿ ಮಾತಾಡಿಕೊಳ್ಳಿ. ಸ್ಯಾಟ್ಸ್ ನಂಬರು, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ನಂಬರು, ಹಳೆ ಶಾಲೆಯಲ್ಲೇ ಸಿಕ್ಕಿಕೊಂಡರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಬೆಲೆಯಿಲ್ಲ.

ಎಸ್ಸೆಸ್ಸೆಲ್ಸಿ ಇನ್ನೂ ದೂರ, ಆದರೂ ಒಂದು ಮಾತು. ಪ್ರಮಾಣಪತ್ರ ಇದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳಿವೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಇದೆ. ಈಗ ಮಾಡಿಸಿದ ಪ್ರಮಾಣಪತ್ರವನ್ನು ಹದಿನಾಲ್ಕು ವರ್ಷಕ್ಕೆ ಮತ್ತೆ ಪರೀಕ್ಷಿಸಿ ನವೀಕರಿಸಬೇಕು. ಅವನಿಗೆ ಹದಿನಾಲ್ಕು ಆಗುವುದು ಒಂಬತ್ತನೇ ಕ್ಲಾಸಿನ ಹೊತ್ತಿಗೆ. ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಹಳೇ ಚೀಟಿ ಹಿಡಿದು ಓಡಿ ಬಂದ ಅಪ್ಪ-ಅಮ್ಮಂದಿರನ್ನು ಕಂಡು ಕಂಡು ಸಾಕಾಗಿದೆ.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದನ್ನು ಇವತ್ತೇ ನಿಲ್ಲಿಸಿ, ನೋಡಿ ಬರೆಯುವುದು ಅವನಿಗೆ ಬರುತ್ತದೆಯಲ್ಲ. ಮಲ್ಪೆಯವರಿಗೆ ಮರಳಿಗೆ ಬರಗಾಲವಿಲ್ಲ, ಒಂದು ತಟ್ಟೆಯಲ್ಲಿ ಹರಡಿ. ನೀವು ‘ಹಕ್ಕಿ’ ಎನ್ನಿ, ಅವನು ‘ಹಕ್’ ಎಂದು ಚಪ್ಪಾಳೆ ತಟ್ಟಲಿ, ‘ಕಿ’ ಎಂದು ಇನ್ನೊಂದು ತಟ್ಟಲಿ, ಆ ಮೊದಲ ಚಪ್ಪಾಳೆಯ ಕೊನೆಯಲ್ಲಿ ಬಾಯಿ ಹಿಡಿದು ನಿಲ್ಲುತ್ತದಲ್ಲ, ಒತ್ತು ಇರುವುದು ಅಲ್ಲಿ ಎಂದು ತೋರಿಸಿ. ಆಮೇಲೆ ಬೆರಳಿನಿಂದ ಮರಳಲ್ಲಿ ಬರೆಯಲಿ, ಬರೆಯುವಾಗ ಬಾಯಲ್ಲೂ ಹೇಳಲಿ. ದಿನಕ್ಕೆ ಮೂರೇ ಪದ. ಪರಿಸರ ಪಾಠ, ಕತೆ ಇಂಥದ್ದನ್ನೆಲ್ಲ ನೀವೇ ಓದಿ ಹೇಳಿ. ಕಣ್ಣಿನಿಂದ ಓದಲಾಗದ್ದನ್ನು ಕಿವಿಯಿಂದ ಕಲಿಯುವುದು ಮೋಸವಲ್ಲ.

ಆಸ್ಪತ್ರೆಗೆ ಹೋಗುವಾಗ ನನಗೆ ಕಳಿಸಿದ ಆ ನೋಟ್‌ಪುಸ್ತಕವನ್ನೇ ಒಯ್ಯಿರಿ. ಡಾಕ್ಟರಿಗೆ ತೋರಿಸಬೇಕೆಂದು ಹೊಸ ಪುಸ್ತಕ ತಂದು ಅಂದವಾಗಿ ಬರೆಸಬೇಡಿ, ಕೆಂಪು ಗೆರೆಗಳನ್ನು ಅಳಿಸಬೇಡಿ, ‘ಕೇರ್‌ಲೆಸ್’ ಎಂದು ಬರೆದ ಪುಟ ಹರಿಯಬೇಡಿ. ಪರೀಕ್ಷೆ ಮಾಡುವವರು ಮೊದಲು ಕೇಳುವುದು ಅದನ್ನೇ.